ನಿಮ್ಮ ಆರೋಗ್ಯವು ಸಂಜೆ ಐದಕ್ಕೆ ಮುಗಿಯುತ್ತದೆ

ಮೋಸವನ್ನು ಮೂಸಿ ನೋಡಿಯೇ ಹಿಡಿಯಬಲ್ಲೆ ಎಂಬ ವಿಶ್ವಾಸ ನನಗಿತ್ತು. ಬಿ.ಎಸ್ಸಿ. ಓದಿದ್ದೇನೆ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ದಿನವಿಡೀ ನಟ್ಟು ಬೋಲ್ಟುಗಳನ್ನು ಅನುಮಾನದಿಂದ ನೋಡುವುದಕ್ಕೇ ನನಗೆ ಸಂಬಳ. ಹಾಗಾಗಿ ದಿನಕ್ಕೆ ನಾಲ್ಕು ಸಲ ಫೋನಿಗೆ ಬರುತ್ತಿದ್ದ ಆ ಧ್ವನಿಮುದ್ರಿತ ಕರೆ ಕೇಳಿ ನಗುತ್ತಿದ್ದೆ. "ಪ್ರಿಯ ಗ್ರಾಹಕರೇ, ನಿಮ್ಮ ಆರೋಗ್ಯವು ಇಂದು ಸಂಜೆ ಐದಕ್ಕೆ ಮುಗಿಯುತ್ತದೆ. ಮುಂದುವರಿಸಲು ಒಂದನ್ನು ಒತ್ತಿ." ವಿಮೆ ಎಂಬ ಪದವನ್ನೇ ನುಂಗಿಬಿಟ್ಟಿದ್ದಳು ಮಹಾತಾಯಿ.

ಚಂದಾಪುರದ ನಮ್ಮ ಮನೆ ಮಾಲೀಕ ಮುನಿರಾಜಣ್ಣ ನಗಲಿಲ್ಲ. ಅವರು ಒಂದನ್ನು ಒತ್ತಿದರು.

ಅದು ಭಾನುವಾರ ಬೆಳಿಗ್ಗೆ. ನಾನು ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತಿದ್ದೆ. ಅವರು ಕನ್ನಡಕವಿಲ್ಲದೆ, ಸ್ಪೀಕರಿಗೆ ಹಾಕಿದ ಫೋನನ್ನು ಬಿಸಿಲಿಗೆ ಹಿಡಿದು ಒದ್ದಾಡುತ್ತಿದ್ದರು. ಆ ಕಡೆಯಿಂದ ಯಾರೋ ಅವಸರ ಮಾಡುತ್ತಿದ್ದ. ಮುನಿರಾಜಣ್ಣ ಫೋನನ್ನು ನನ್ನತ್ತ ಚಾಚಿ, "ಬಾರಪ್ಪ, ಓಟಿಪಿ ಏಳು" ಎಂದರು.

ಅವರ ಬಾಯಲ್ಲಿ 'ಹೇಳು' ಎಂಬುದು 'ಏಳು' ಆಗುತ್ತದೆಂದು ಆರು ವರ್ಷದಿಂದ ಗೊತ್ತು. ಆ ಗಳಿಗೆಯಲ್ಲಿ ಮಾತ್ರ ಮರೆತೆ. ತಪ್ಪು ತಿದ್ದುವ ವೃತ್ತಿಧರ್ಮದಿಂದ, "ಏಳು ಎಲ್ಲಿದೆ ಅಣ್ಣ? ನಾಲ್ಕರಿಂದ ಶುರು. ನಾಲ್ಕು, ಒಂಬತ್ತು, ಎರಡು..." ಎಂದು ಆರೂ ಅಂಕಿಗಳನ್ನು ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದೆ.

"ಥ್ಯಾಂಕ್ಯೂ ಸಾರ್," ಎಂದಿತು ಸ್ಪೀಕರ್.

ನಾವು ಬ್ಯಾಂಕಿಗೆ ಫೋನ್ ಹಚ್ಚುವಷ್ಟರಲ್ಲಿ ಖಾತೆ ಖಾಲಿ. ಮುನಿರಾಜಣ್ಣ ಬೈಯಲಿಲ್ಲ. "ಓದಿದೋನು ಅಂದ್ಕಂಡಿದ್ದೆ ಕಣಪ್ಪ," ಎಂದಷ್ಟೇ ಹೇಳಿ ಒಳಗೆ ಹೋದರು. ಆ 'ಥ್ಯಾಂಕ್ಯೂ ಸಾರ್' ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿ ಬಾಡಿಗೆಗಿದೆ. ಹಲ್ಲುಜ್ಜುವಾಗ ಕೇಳುತ್ತದೆ, ಕಂಪನಿ ಬಸ್ಸಿನಲ್ಲಿ ಕೇಳುತ್ತದೆ.

ಅಂದಿನಿಂದ ಲೋಕದ ಮೇಲಿನ ನಂಬಿಕೆಯನ್ನು ನಾನು ಅಧಿಕೃತವಾಗಿ ಹಿಂತೆಗೆದುಕೊಂಡೆ. ಗೊತ್ತಿಲ್ಲದ ನಂಬರೆಲ್ಲ ಬ್ಲಾಕ್. ಗ್ಯಾಸಿನವನು ಬ್ಲಾಕ್. ನೀರಿನ ಟ್ಯಾಂಕರಿನವನು ಬ್ಲಾಕ್. ಎರಡು ದಿನ ಮನೆಯಲ್ಲಿ ಸ್ನಾನವೂ ಬ್ಲಾಕ್.

"ರೀ, ಸೋಮವಾರ ಅಮ್ಮಂಗೆ ಆಪರೇಷನ್. ಆಸ್ಪತ್ರೆಯವ್ರು ನಿಮ್ಮ ನಂಬರ್‌ಗೇ ಮಾಡೋದು. ನೆನಪಿರ್ಲಿ," ಎಂದಳು ಹೆಂಡತಿ ಗೀತಾ.

"ಅಷ್ಟೂ ಗೊತ್ತಾಗಲ್ವಾ ನನಗೆ?"

ಅತ್ತೆಯ ಪಿತ್ತಕೋಶದಲ್ಲಿ ಕಲ್ಲು. ಮೂರು ತಿಂಗಳಿಂದ ನರಳುತ್ತಿದ್ದರು. ನನ್ನ ಕಂಪನಿಯ ಆರೋಗ್ಯ ವಿಮೆಯಲ್ಲಿ ಅಂತೂ ಇಂತೂ ತಾರೀಖು ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಅವರು ಹನಿ ನೀರೂ ಕುಡಿಯದೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಎಷ್ಟು ಗಂಟೆಗೆ ಬರಬೇಕೆಂಬ ಕರೆಗೆ ಕಾಯುತ್ತಿದ್ದರು.

ಆರೂವರೆಗೆ ಫೋನ್ ಬಂತು. ಅವಸರದ ಹೆಣ್ಣುದನಿ.

"ಸಾರ್, ಹೆಲ್ತ್ ಇನ್ಶೂರೆನ್ಸ್ ಅಪ್ರೂವ್ ಆಗಿದೆ. ಓಟಿ, ಪಿ..."

ಮುಂದಕ್ಕೆ ಬಿಟ್ಟರೆ ತಾನೇ! "ಓಟಿಪಿನಾ? ಇಷ್ಟು ಬೇಗ ಅಂಗಡಿ ತೆಗೆದ್ರಾ ಮೇಡಂ?"

"ಅಯ್ಯೋ, ಓಟಿ ಸಾರ್, ಪಿ..."

"ಮತ್ತೆ ಅದೇ. ನಿಮ್ಮ ನಂಬರ್ ಪೊಲೀಸರಿಗೆ ಕೊಡ್ತೀನಿ." ಬ್ಲಾಕ್.

ಇನ್ನೊಂದು ನಂಬರಿನಿಂದ ಮಾಡಿದಳು. ಬ್ಲಾಕ್. ಮೂರನೆಯದರಲ್ಲಿ ಗಂಡಸು. ಅವನಿಗೆ ಫೋನನ್ನು ಕುಕ್ಕರಿನ ಪಕ್ಕ ಹಿಡಿದು ಎರಡು ಸೀಟಿ ಕೇಳಿಸಿದೆ. ಆಮೇಲೆ ಬ್ಲಾಕ್. ಮೂವರು ವಂಚಕರನ್ನು ಒಂದೇ ಬೆಳಿಗ್ಗೆ ಸದೆಬಡಿದ ಸುದ್ದಿಯನ್ನು ಅತ್ತೆಗೆ ನಿವೇದಿಸಿದೆ.

"ಒಳ್ಳೇದಾಯ್ತು ಅಳಿಯಂದ್ರೇ," ಎಂದರು ಒಣಗಿದ ಬಾಯಲ್ಲಿ. "ಆಸ್ಪತ್ರೆಯವ್ರು ಇನ್ನೂ ಯಾಕೆ ಮಾಡ್ಲಿಲ್ಲ?"

ಹತ್ತು ಗಂಟೆಗೆ ಗೀತಾ ತಾನೇ ಆಸ್ಪತ್ರೆಗೆ ಫೋನ್ ಮಾಡಿದಳು. ಕೇಳಿಸಿಕೊಂಡಳು. ಫೋನಿಟ್ಟು ನನ್ನನ್ನು ನೋಡಿದಳು.

"ಓಟಿಪಿ ಅಲ್ಲಾರೀ. ಓಟಿ ಅಂದ್ರೆ ಆಪರೇಷನ್ ಥಿಯೇಟರ್. ಪಿ. ಸರೋಜಮ್ಮ ಅಂದ್ರೆ ನಮ್ಮಮ್ಮ. ಎಂಟಕ್ಕೆ ಕರ್ಕೊಂಡ್ಬನ್ನಿ ಅನ್ನೋಕೆ ಮೂರು ಸಲ ಮಾಡಿದ್ರಂತೆ. ಈಗ ಬೇರೆಯವ್ರನ್ನ ಒಳಗೆ ಕರ್ಕೊಂಡಿದಾರೆ. ಇನ್ನು ಗುರುವಾರವೇ."

ಅತ್ತೆ ಲೋಟದ ನೀರು ಎತ್ತಿ ಕುಡಿದರು. ಆ ಸಂಜೆ ಅವರಿಗೆ ಮತ್ತೆ ನೋವು ಬಂತು. ಗೋಡೆಗೊರಗಿ ಹಲ್ಲು ಕಚ್ಚಿ ಕೂತಿದ್ದವರ ಎದುರು ಹಾದುಹೋಗಲು ನನಗೆ ಧೈರ್ಯ ಸಾಲಲಿಲ್ಲ. ಹಿತ್ತಲ ಬಾಗಿಲಿನಿಂದ ಓಡಾಡಿದೆ.

ಗುರುವಾರ ಆಸ್ಪತ್ರೆಯಿಂದ ನನಗೆ ಯಾವ ಕರೆಯೂ ಬರಲಿಲ್ಲ. ಆದರೂ ಬೆಳಿಗ್ಗೆ ಎಲ್ಲರೂ ಸಿದ್ಧರಾಗಿದ್ದರು. ಗೇಟಿನಲ್ಲಿ ಮುನಿರಾಜಣ್ಣ ತಮ್ಮ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಕಾರಣ ಆಸ್ಪತ್ರೆಯ ಕೌಂಟರಿನಲ್ಲಿ ತಿಳಿಯಿತು. ಅತ್ತೆಯ ಕಡತದಲ್ಲಿ ನನ್ನ ನಂಬರಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: "ಕರೆ ಮಾಡಬೇಡಿ. ಅನುಮಾನಾಸ್ಪದ ವ್ಯಕ್ತಿ." ಕೆಳಗೆ, ಗೀತಾಳೇ ಬರೆಸಿದ್ದ ಮುನಿರಾಜಣ್ಣನ ನಂಬರ್.

"ಅಣ್ಣ, ನಿಮ್ಮ ಮೊಬೈಲ್‌ಗೆ ಅಡ್ಮಿಷನ್ ಓಟಿಪಿ ಬಂದಿರುತ್ತೆ, ಹೇಳಿ," ಎಂದಳು ಕೌಂಟರಿನ ಹುಡುಗಿ.

ಮುನಿರಾಜಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅಭ್ಯಾಸಬಲದಿಂದ ನಾನೂ ಕತ್ತು ಚಾಚಿದೆ. ಅವರು ಫೋನನ್ನು ಎದೆಗವಚಿಕೊಂಡು, "ನೀನು ವಸಿ ಆಚೆ ನಿಂತ್ಕಳಪ್ಪ," ಎಂದರು.

ಆಚೆ ನಿಂತೆ. ಯಾವುದೋ ಹೊಸ ನಂಬರಿನಿಂದ ನನ್ನ ಫೋನ್ ಬಡಿದುಕೊಂಡಿತು. "ಪ್ರಿಯ ಗ್ರಾಹಕರೇ, ನಿಮ್ಮ ಆರೋಗ್ಯವು ಇಂದು ಸಂಜೆ ಐದಕ್ಕೆ..."

ನನ್ನನ್ನು ನಂಬಿ ಇನ್ನೂ ಫೋನ್ ಮಾಡುವವಳು ಇವಳೊಬ್ಬಳೇ. ಕೊನೆಯವರೆಗೂ ಕೇಳಿಸಿಕೊಂಡೆ.