ಖಾಲಿ ಹೋಗಬಾರದ ತಟ್ಟೆ

ಮೂರಂತಸ್ತಿನ ಮನೆಯಿಂದ ತಟ್ಟೆ ತುಂಬ ಪಲಾವ್ ಬಂದಾಗಲೇ ನೊರ್ಕುಲನ ಗ್ರಹಚಾರ ಶುರುವಾಯಿತು.

ತಾಷ್ಕೆಂಟಿನ ಅಂಚಿನ ಆ ಓಣಿಯಲ್ಲಿ ಮಣ್ಣಿನ ಮನೆಗಳು ಒಂದೊಂದಾಗಿ ಮಾರಾಟವಾಗಿ, ಆ ಜಾಗದಲ್ಲಿ ಕಬ್ಬಿಣದ ಗೇಟುಗಳೂ ಗಾಜಿನ ಬಾಲ್ಕನಿಗಳೂ ಎದ್ದಿದ್ದವು. ಬಸ್ ಓಡಿಸುವ ನೊರ್ಕುಲನ ಮನೆ ಅವುಗಳ ನಡುವೆ, ಹಳೇ ಅಂಗಿ ತೊಟ್ಟು ಮದುವೆಗೆ ಬಂದವನ ಹಾಗೆ ಮುದುಡಿ ನಿಂತಿತ್ತು. ಹೆಂಡತಿ ಮುಕದ್ದಸ್ ತವರಿಗೆ ಹೋಗಿದ್ದಳು, ಸಂಜೆಗೆ ಬರುವವಳಿದ್ದಳು. ನೊರ್ಕುಲ ಕುದುರೆ ಮಾಂಸದ ಒಂದು ಚೂರನ್ನೂ ಬಿಡದೆ ಪಲಾವನ್ನೆಲ್ಲ ಬಾರಿಸಿ, ತೇಗಿ, ತಟ್ಟೆ ತೊಳೆಯಲು ಕೂತ. ಜಿಡ್ಡಿಗೆ ತಟ್ಟೆ ಕೈಜಾರಿ ಮೂರು ಹೋಳಾಯಿತು.

ಪಕ್ಕದ ಗೋಡೆಯ ಮೇಲೆ ಸಬೊಹತ್ ಅಜ್ಜಿಯ ತಲೆ ಮೂಡಿತು.

"ಅಯ್ಯಯ್ಯೋ, ಚಿನ್ನದ ಅಂಚಿನ ತಟ್ಟೆ ಕಣೋ! ಇಂಥಾದ್ದನ್ನ ಈ ಓಣಿ ಕಂಡಿತ್ತಾ? ಇವತ್ತೇ ಅಂಥಾದ್ದೇ ಒಂದು ತಂದ್ಕೊಡು. ಖಾಲಿ ಮಾತ್ರ ಕೊಡಬೇಡ, ಹಳಬರೆಲ್ಲ ತಿರುಕರು ಅಂತ ಆಡ್ಕೋತಾರೆ."

ಗದ್ದಲ ಕೇಳಿ ಎದುರುಮನೆಯ ಎರ್ಗಶ್ ಬಂದ. ಪಿಂಗಾಣಿ ಅಂಗಡಿಯವನು. ನೊರ್ಕುಲನ ಹಾಡುವ ಲಾವಕ್ಕಿಯ ಮೇಲೆ ಅವನಿಗೆ ಹಳೇ ಕಣ್ಣು.

"ಇದಕ್ಕಿಂತ ಚೆಂದದ್ದು ನನ್ನ ಹತ್ರ ಇದೆ ತಮ್ಮಾ. ನೆರೆಯವನ ಹತ್ರ ದುಡ್ಡು ಕೇಳೋಕಾಗುತ್ತಾ? ಆ ಹಕ್ಕಿ ಕೊಟ್ಬಿಡು, ಸಾಕು."

ದಿನವಿಡೀ ಹಾರನ್ ಕೇಳಿ ಮನೆಗೆ ಬರುತ್ತಿದ್ದ ನೊರ್ಕುಲನಿಗೆ ಆ ಹಕ್ಕಿಯ ಹಾಡೊಂದೇ ಸುಖವಾಗಿತ್ತು. ಪಂಜರ ಓಣಿ ದಾಟಿ ಎದುರುಮನೆ ಸೇರಿತು, ತಟ್ಟೆ ಈ ಕಡೆ ಬಂತು.

"ಹೊಸ ತಟ್ಟೆಗೆ ದ್ರಾಕ್ಷಿ ತುಂಬಲಾ ಅಜ್ಜಿ?"

"ದ್ರಾಕ್ಷೀನ ಅವರ ಮನೆ ಕೆಲಸದವರೂ ಮೂಸಲ್ಲ!"

ಸರಿ, ಮುಕದ್ದಸ್ ಹಬ್ಬಕ್ಕೆಂದು ಎತ್ತಿಟ್ಟಿದ್ದ ಬಾದಾಮಿ, ಒಣ ಏಪ್ರಿಕಾಟ್ ಎಲ್ಲ ತಟ್ಟೆಗೆ ಬಿದ್ದವು.

ಮೂರಂತಸ್ತಿನ ಮನೆಯ ಗೇಟು ತೆರೆದ ಯಜಮಾನಿ ದಿಲ್ನವೋಜ್ ತಟ್ಟೆ ಕಂಡದ್ದೇ ಬಿಳಿಚಿಕೊಂಡಳು.

"ಅಣ್ಣಾ, ಮತ್ತೆ ತಂದ್ರಾ? ಈಗಷ್ಟೇ ಉಸಿರು ಬಿಟ್ಟಿದ್ವಿ!"

"ಮತ್ತೆ ಅಂದ್ರೆ?"

"ನಾವು ಇಲ್ಲಿಗೆ ಬಂದ ವಾರ ಅತ್ತಿಗೆ ಚಿನ್ನದ ಅಂಚಿನ ತಟ್ಟೇಲಿ ಸಮೋಸ ಕಳಿಸಿದ್ರಲ್ಲ! ಅಷ್ಟು ದೊಡ್ಡ ತಟ್ಟೇನ ಏನು ತುಂಬಿ ವಾಪಸ್ ಕೊಡೋದು ಅಂತ ನಮ್ಮವರಿಗೆ ನಿದ್ದೇನೇ ಇಲ್ಲ. ಕಮ್ಮಿ ಆದ್ರೆ ನಿನ್ನೆ ಮೊನ್ನೆ ದುಡ್ಡು ಕಂಡವರು ಅಂತ ಹಳಬರು ನಗಲ್ವಾ? ಅದಕ್ಕೇ ಕುದುರೆ ಮಾಂಸ ತರಿಸಿ ಪಲಾವ್ ಮಾಡಿಸಿ ನಿಮ್ಮ ತಟ್ಟೆ ತುಂಬಿ ಕಳಿಸಿದ್ದು. ಈಗ ಈ ತಟ್ಟೆಗೆ ಏನು ಹಾಕಲಿ ದೇವರೇ!"

ತಟ್ಟೆಯ ಒಳಗಿದ್ದದ್ದನ್ನು ಬಿಟ್ಟು ತಟ್ಟೆಯನ್ನು ಎಂದೂ ನೋಡಿರದ ನೊರ್ಕುಲ ಬರಿಗೈಯಲ್ಲಿ ತಿರುಗಿದ.

ಓಣಿಯ ಬಾಯಲ್ಲಿ ಮುಕದ್ದಸ್ ಚೀಲ ಹಿಡಿದು ಬರುತ್ತಿದ್ದಳು. ಅಜ್ಜಿಯ ತಲೆ ಗೋಡೆಯಿಂದ ಮಾಯವಾಯಿತು. ಎರ್ಗಶ್ ಬಾಗಿಲು ಹಾಕಿಕೊಂಡ. ಒಳಗಿನಿಂದ ಲಾವಕ್ಕಿ ಹಾಡುತ್ತಿತ್ತು.

"ಏನ್ರೀ, ಪೆಟ್ಟಿಗೇಲಿದ್ದ ನಮ್ಮಜ್ಜಿ ತಟ್ಟೆ ತೆಗೆದು ಆ ಗೇಟಿನ ಮನೆಗೆ ಕಳಿಸಿದ್ದೆ. ವಾಪಸ್ ಕೊಟ್ರಾ?"

"ಕೊಟ್ರು ಕಣೇ," ಅಂದ ನೊರ್ಕುಲ. "ಖಾಲಿ ಕೊಡಲಿಲ್ಲ."