ಕುರಿಗಳಿಂದ ಬಾಡಿಗೆ

ಕೈಯಲ್ಲಿ ದುಡ್ಡು ಕಡಿಮೆಯಾದರೆ ಜನ ಗಾಬರಿಯಾಗುತ್ತಾರೆ. ನಾನು ಆಗುವುದಿಲ್ಲ. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಯಾವ ಸಮಸ್ಯೆಯನ್ನಾದರೂ ಸಾಲಾಗಿ ನಿಲ್ಲಿಸಿ 'ಸಾವಧಾನ್' ಎಂದರೆ ಅರ್ಧ ಪರಿಹಾರವಾದಂತೆ ಎಂಬುದು ನನ್ನ ನಂಬಿಕೆ.

ಈ ಸಲದ ಸಮಸ್ಯೆ ಒಂದು ಸೀರೆ. ಮಕ್ತಲ್‌ಗೆ ಕೊಟ್ಟ ಮಗಳು ಸುವರ್ಣಾ ಬಸುರಿ. ಸೀಮಂತದ ಕುಬುಸಕ್ಕೆ ತವರಿನಿಂದ ಹಸಿರು ಸೀರೆ ಒಯ್ಯಬೇಕು. ನಾವಿರುವುದು ನಾರಾಯಣಪೇಟೆ, ಬಾಗಿಲು ದಾಟಿದರೆ ಸೀರೆ ಅಂಗಡಿ. ಆದರೆ ನನ್ನ ಹೆಂಡತಿ ಗೌರಮ್ಮ ಒಪ್ಪಲಿಲ್ಲ.

"ಊರ ಸೀರಿ ಒಯ್ದರ ಬೀಗ್ತಿ ಏನಂತಾಳ್ರೀ? ಮನಿ ಮುಂದ ಸಿಕ್ಕಿದ್ದು ತಂದಾರ ಅಂತಾಳ. ಗದ್ವಾಲ್ ಸೀರೀನ ಆಗ್ಬೇಕು."

ಆ ವರ್ಷ ಮಾಳಿಗೆ ಸೋರಿ, ಉಳಿತಾಯವೆಲ್ಲ ರಿಪೇರಿಗೆ ಹೋಗಿತ್ತು. "ನಾ ಅದೀನಲ್ಲ!" ಎಂದೆ. ಹೇಗೆ ಎಂದು ಹೇಳಲಿಲ್ಲ. ಗೊತ್ತಿದ್ದರೆ ತಾನೆ ಹೇಳುವುದು!

ಮನೆಯ ಪಕ್ಕ ನಮ್ಮದೇ ಒಂದು ಖಾಲಿ ಜಾಗ. ಅಲ್ಲಿ ಸೊಪ್ಪು ಹಾಕೋಣವೆಂದು ಮಾಗನೂರಿನ ಒಕ್ಕಲು ಮನೆತನದ ಗೌರಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಸೊಪ್ಪು ಸಾಲು ತಪ್ಪಿ ಬೆಳೆಯುತ್ತದೆಂದು ನಾನು ಬಿಟ್ಟಿರಲಿಲ್ಲ. ಒಂದು ಸಂಜೆ ಕುರಿಗಾರ ಮಾಳಪ್ಪ ಮಂದೆ ಹೊಡೆದುಕೊಂಡು ಆ ದಾರಿಯಲ್ಲಿ ಬಂದ. ಅಷ್ಟೂ ಕುರಿಗಳು ನನ್ನ ಕಣ್ಣಿಗೆ ಬಾಡಿಗೆದಾರರಂತೆ ಕಂಡವು.

"ಮಾಳಪ್ಪಾ, ಒಂದು ವಾರ ರಾತ್ರಿ ಹೊತ್ತು ನಮ್ಮ ಜಾಗಾದಾಗ ನಿಲ್ಲಸಪಾ."

"ಆತ್ರೀ ಮಾಸ್ತರ. ರೊಕ್ಕದ ಮಾತು?"

"ಪದ್ಧತಿ ಹೆಂಗೈತೋ ಹಂಗ," ಎಂದು ದೊಡ್ಡ ಮನಸ್ಸು ಮಾಡಿದೆ.

ಅವನು ಸಂತೋಷದಿಂದ ಕೈ ಮುಗಿದ. ಬಾಡಿಗೆ ಕೊಡುವವನು ಇಷ್ಟು ಸಂತೋಷಪಟ್ಟಿದ್ದನ್ನು ನಾನೆಲ್ಲೂ ಕಂಡಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು!

ಗೌರಮ್ಮನಿಗೆ ಬಾಡಿಗೆಯ ವಿಷಯ ತಿಳಿಸಲಿಲ್ಲ. ಹಣ ಬಂದ ಮೇಲೆ ಕೈಗಿಟ್ಟು ಬೆರಗುಗೊಳಿಸುವ ಆಸೆ. ಅವಳಂತೂ ಮಂದೆ ನೋಡಿ ಮದುಮಗಳಂತೆ ಅರಳಿದಳು. ದಿನಾ ಸಂಜೆ ಮಾಳಪ್ಪನಿಗೆ ಬಿಸಿ ರೊಟ್ಟಿ, ಪಲ್ಯ ಕಳಿಸತೊಡಗಿದಳು. ಬಾಡಿಗೆದಾರನಿಗೆ ಇಷ್ಟು ಸಲಿಗೆ ಒಳ್ಳೆಯದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲ ಬೆಳಿಗ್ಗೆ, ಕುರಿಗಳು ಶಿಸ್ತಿನಿಂದ ಜಾಗ ಖಾಲಿ ಮಾಡಲೆಂದು ಸೀಟಿ ಊದಿದೆ. ಮುಂದಿದ್ದ ಟಗರು ಬೆಚ್ಚಿ ಪಕ್ಕದ ಮನೆಯ ಗೋಡೆ ಹಾರಿತು. ಶಿಸ್ತೆಂದರೆ ಶಿಸ್ತು! ಉಳಿದವೂ ಒಂದರ ಹಿಂದೊಂದು ಸಾಲಾಗಿ ಹಾರಿದವು.

"ಅಯ್ಯೋ ಸಾರೂ! ನಾ ತುಲಸಿ ಅಂತಾ ತಿನೇಸಿನಾಯಿ!" ಎಂದು ಪಕ್ಕದ ಮನೆಯ ಅನಸೂಯಮ್ಮ ತೆಲುಗಿನಲ್ಲಿ ಕೂಗಿದರು. ತುಳಸಿಯ ಕಡ್ಡಿ ಮಾತ್ರ ಉಳಿದಿತ್ತು. ನಮ್ಮ ತುಳಸಿ ಕುಂಡವನ್ನೇ ಹೊತ್ತು ಅವರಿಗೆ ಕೊಟ್ಟು ಬಂದೆ. ಅಂದಿನಿಂದ ಗೌರಮ್ಮ ಪೂಜೆಗೆ ಪಕ್ಕದ ಮನೆಗೆ ಹೋಗಬೇಕಾಯಿತು.

ಇನ್ನು ಹಿಕ್ಕೆ. ಇಡೀ ಜಾಗದ ತುಂಬ ಹಿಕ್ಕೆ! ಮಾಲೀಕನ ಜವಾಬ್ದಾರಿಯೆಂದು ದಿನಾ ಬೆಳಿಗ್ಗೆ ಗುಡಿಸಿ ಮೂಲೆಯಲ್ಲಿ ಗುಡ್ಡೆ ಹಾಕಿದೆ. ಸಂಜೆ ವಾಕಿಂಗ್ ಮುಗಿಸಿ ಬಂದರೆ ಅದು ಮತ್ತೆ ಹರಡಿರುತ್ತಿತ್ತು. ಕುರಿಗಳು ಹಗಲಲ್ಲೂ ಕಳ್ಳತನದಿಂದ ಬಂದು ಹೋಗುತ್ತಿವೆಯೆಂದು ಬಾಡಿಗೆ ಹೆಚ್ಚಿಸುವ ಯೋಚನೆ ಮಾಡಿದೆ. ಸೊಂಟ ಹಿಡಿಯಿತು. ಆದರೂ ಗುಡಿಸಿದೆ.

ವಾರ ಮುಗಿಯಿತು. ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕುಳಿತೆ. ಮಾಳಪ್ಪ ಬಂದು ಕೈ ಚಾಚಿದ. ನಾನೂ ಚಾಚಿದೆ. ಇಬ್ಬರ ಅಂಗೈಯೂ ಮೇಲ್ಮುಖ!

"ಏನ್ರೀ ಮಾಸ್ತರ?"

"ಬಾಡಿಗಿ."

"ಯಾರದ್ರೀ?"

"ನಿನ್ನ ಕುರೀದು!"

ಅವನು ಕಂಬಳಿಯಲ್ಲಿ ಬಾಯಿ ಮುಚ್ಚಿಕೊಂಡರೂ ಹೊಟ್ಟೆ ಕುಣಿಯುತ್ತಿತ್ತು. "ಬಾಡಿಗಿ ಕೊಟ್ಟು ಮಲಗೋದಾಗಿದ್ರ ಅವಕ್ಕ ಫ್ಯಾನ್ ಇರೋ ಲಾಡ್ಜ್ ನೋಡ್ತಿದ್ದೆನ್ರೀ!"

ಗೌರಮ್ಮ ಒಳಗಿನಿಂದ ಜೋಳ ಅಳೆದು ತಂದು ಅವನ ಚೀಲಕ್ಕೆ ಸುರಿದಳು, ಮೇಲೆ ಒಂದಿಷ್ಟು ರೊಕ್ಕವನ್ನೂ ಕೊಟ್ಟಳು. ಅವನು ಹೋದ ಮೇಲೆ ನನ್ನತ್ತ ತಿರುಗಿದಳು.

"ಏನ್ರೀ, ಮಂದಿ ಗೊಬ್ಬರಕ್ಕಂತ ಕುರಿ ನಿಲ್ಲಸ್ತಾರ. ಹೊಲದವ್ರು ಕುರಿಯವ್ರಿಗೆ ಕೊಡೋದು ಪದ್ಧತಿ. ನಿಮಗ ಗೊತ್ತಿರಲಿಲ್ಲೇನು?"

"ಸುವರ್ಣಾನ ಸೀರಿಗೆ ಆಗ್ತದಂತ..." ಎಂದೆ.

ಅವಳು ಜೋಳ ಅಳೆದ ಸೇರನ್ನು ಕಟ್ಟೆಯ ಮೇಲಿಟ್ಟಳು. "ನಾ ಏನ್ ತಿಳಕೊಂಡಿದ್ದೆ ಗೊತ್ತೇನು? ಈ ವಯಸ್ಸಿನಾಗ ನನ್ನ ಮಾತು ಕೇಳಿ ಸೊಪ್ಪು ಹಾಕಾಕ ಕುರಿ ನಿಲ್ಲಿಸ್ಯಾರ ಅಂತ. ನೀವು ಗುಡಿಸಿದ್ದೆಲ್ಲಾ ದಿನಾ ಮತ್ತ ಹರವಿದವಳು ನಾನ!"

"ಹೌದು, ಅದಕ್ಕೂ ಸೇರಿಸೇ ನಿಲ್ಲಿಸಿದ್ದು," ಎಂದೆ. ಅವಳು ನಂಬಲಿಲ್ಲ. ಆದರೆ ನಂಬಿದಂತೆ ನಕ್ಕಳು.

ಮಳೆ ಬಿದ್ದ ಮೇಲೆ ಆ ಜಾಗದಲ್ಲಿ ಪುಂಡಿಪಲ್ಯ, ಮೆಂತ್ಯ ಸೊಪ್ಪುಗಳು ಹುಚ್ಚೆದ್ದು ಬೆಳೆದವು. ಓಣಿಯ ಹೆಂಗಸರೆಲ್ಲ ನಮ್ಮ ಗೇಟಿಗೇ ಬರತೊಡಗಿದರು. ಗೌರಮ್ಮ ಮಾರುವವಳು, ನಾನು ಕಟ್ಟು ಕಟ್ಟುವವನು. ಕಟ್ಟುಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟೆ. "ಇದೇನು ಸಾಲೀ ಡ್ರಿಲ್ಲೇನ್ರೀ? ಲಗೂ ಕಟ್ಟ್ರಿ!" ಎಂದು ಬೈಸಿಕೊಂಡೆ.

ಕುಬುಸದ ಹೊತ್ತಿಗೆ ಗದ್ವಾಲ್ ಸೀರೆ ಬಂತು. ಪೂರ್ತಿ ರೇಷ್ಮೆಯದಲ್ಲ, ಮೈ ನೂಲಿನದು, ಅಂಚು ಸೆರಗು ಮಾತ್ರ ರೇಷ್ಮೆ. ಮಗಳು ಅದನ್ನುಟ್ಟು ಹೊರಬಂದಾಗ ಬೀಗಿತಿಯೂ ಅಂಚು ಹಿಡಿದು ನೋಡಿದಳು.

"ಅವ್ವಾ, ಇಷ್ಟು ರೊಕ್ಕ ಎಲ್ಲಿಂದ ತಂದಿ?"

"ಪುಂಡಿಪಲ್ಯ ಮಾರಿದ್ನವ್ವಾ."

"ಮತ್ತ ಅಪ್ಪಾ ಏನ್ ಕೊಟ್ರು?"

ನಾನು ಎದೆ ಸೆಟೆಸಿದೆ. ಗೌರಮ್ಮ ನನ್ನನ್ನು ಮೇಲಿಂದ ಕೆಳಗೆ ಪ್ರೀತಿಯಿಂದ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಗೊಬ್ಬರ ಎಲ್ಲಾ ನಿಮ್ಮಪ್ಪಂದ!"