ಬೀಳದ ಅತ್ತೆ

ನಮ್ಮ ಸೋದರತ್ತೆ ಹುಟ್ಟಿದಾಗಿನಿಂದ ಒಮ್ಮೆಯೂ ಬಿದ್ದವಳಲ್ಲ. ಬೇಕಾದರೆ ಹಿರಿಯೂರಿಗೆ ಬಂದು ಅವಳನ್ನೇ ಕೇಳಿ. ಬಸ್ಸು ತಪ್ಪಿದರೆ, ತುಂಬಾ ರಶ್ಶಿತ್ತು, ನಾನೇ ಬಿಟ್ಟೆ ಎನ್ನುತ್ತಾಳೆ. ಹಾಲು ಉಕ್ಕಿದರೆ, ಹೇಗೂ ಒಲೆ ತೊಳೆಯುವುದಿತ್ತು ಎನ್ನುತ್ತಾಳೆ. ಅವಳು ಹೊಲಿದ ರವಿಕೆ ಬಿಗಿಯಾಯಿತೆಂದು ಯಾರಾದರೂ ಬಂದರೆ, ತಪ್ಪು ಅವಳ ಕತ್ತರಿಯದಲ್ಲ, ಬಂದವರು ಆ ಒಂದು ವಾರದಲ್ಲಿ ದಪ್ಪಗಾಗಿದ್ದಾರೆ ಅಷ್ಟೆ. ಎಪ್ಪತ್ತು ದಾಟಿದ ಇಂಥ ಹೆಂಗಸು ಬೀಳುವುದುಂಟೇ?

ಹೋದ ವರ್ಷ ಒಂದು ಭಾನುವಾರ ಹಿತ್ತಲಿಗೆ ಹೋದರೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅತ್ತೆ ಅಂಗಾತ ಮಲಗಿದ್ದಳು. ಮೊಣಕೈ ತರಚಿತ್ತು. ನಾನು ಓಡಿಹೋಗಿ ತಲೆ ಎತ್ತಿ ಹಿಡಿಯುವಷ್ಟರಲ್ಲಿ ಕಣ್ಣು ಬಿಟ್ಟಳು.

"ಸೂಜಿ ಬಿದ್ದಿತ್ತು ಕಣೇ, ಹುಡುಕ್ತಿದ್ದೆ."

"ಆಕಾಶ ನೋಡ್ಕೊಂಡು ಹುಡುಕ್ತಿದ್ಯಾ?"

"ನಿನ್ನ ಟೀಚರ್‌ಗಿರಿ ಸ್ಕೂಲಲ್ಲಿ ಇಟ್ಕ," ಎಂದು ಸೆರಗು ಕೊಡವಿಕೊಂಡು ಒಳಗೆ ಹೋದಳು.

ಆಮೇಲೆ ದೇವರ ಮನೆಯಲ್ಲಿ ನೆಲದ ಮೇಲೆ ಸಿಕ್ಕಳು. ನಮಸ್ಕಾರ ಸ್ವಲ್ಪ ಉದ್ದವಾಯಿತಂತೆ! ಇನ್ನೊಮ್ಮೆ ಹೊಲಿಗೆ ಮಿಷನ್ನಿನ ಕೆಳಗೆ. ಅಲ್ಲಿ ತಂಪಾಗಿತ್ತಂತೆ. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ, ಬ್ಯಾಗಿನೊಳಗಿನ ಫೋನು ಯಾವಾಗ ಬಡಿದುಕೊಳ್ಳುತ್ತದೋ ಎಂದು ಬೆವರುವ ಹಾಗಾಯಿತು.

ಅವಳಾಗಿ ಒಪ್ಪಿಕೊಂಡದ್ದು ಒಂದೇ, ಎದೆ ಒಮ್ಮೊಮ್ಮೆ ಡವಡವ ಎನ್ನುತ್ತದೆ ಎಂದು. ಅದೂ ನಾನು ತಂದ ಕಾಫಿಪುಡಿಯ ತಪ್ಪು. ಊರಿನ ಡಾಕ್ಟರರು ಇಸಿಜಿ ತೆಗೆದು, ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯುವ ಬದಲು ಅದುರುತ್ತಿವೆ, ಹಾಗಾಗಿ ನಾಡಿ ತಾಳತಪ್ಪಿ ಓಡುತ್ತಿದೆ ಎಂದರು. ತಲೆ ಸುತ್ತಿ ಬಿದ್ದದ್ದುಂಟೇ ಎಂದು ಎರಡು ಸಲ ಕೇಳಿದರು. ಅತ್ತೆ ಎರಡು ಸಲವೂ ಇಲ್ಲ ಎಂದಳು, ಹಾಗೆ ಹೇಳುವಾಗ ನನ್ನನ್ನು ದುರುಗುಟ್ಟಿ ನೋಡಿದಳು. ಚಿಕ್ಕಂದಿನಿಂದ ಆ ನೋಟಕ್ಕೆ ಹೆದರಿದವಳು ನಾನು. ಸುಮ್ಮನಿದ್ದೆ. ಡಾಕ್ಟರರು ಓಟ ತಗ್ಗಿಸುವ ಮಾತ್ರೆ ಬರೆದುಕೊಟ್ಟರು.

ಮಾತ್ರೆ ಶುರುವಾದ ಮೂರನೇ ವಾರ, ಅತ್ತೆಯ ಗೆಳತಿಯ ಮೊಮ್ಮಗುವಿನ ನಾಮಕರಣಕ್ಕೆಂದು ದುರ್ಗದ ಬಸ್ಸು ಹತ್ತಿದೆವು. ಅತ್ತೆಯ ಬುಟ್ಟಿ ಒಂದು ಸೀಟು ಹಿಡಿದಿತ್ತು. ಕಂಡಕ್ಟರ್ ಲಗೇಜ್ ಟಿಕೆಟ್ ತಗೊಳ್ಳಿ ಎಂದ. ಹೆಂಗಸರಿಗೆ ಫ್ರೀ ಅಂದ ಮೇಲೆ ಹೆಂಗಸರ ಬುಟ್ಟಿಗೂ ಫ್ರೀಯೇ ಎಂದು ಅತ್ತೆ ವಾದ ಹೂಡಿದಳು. ಇಡೀ ಬಸ್ಸು ಕಿವಿಗೊಟ್ಟಿತು. ವಾದ ರಂಗೇರುತ್ತಿದ್ದಾಗ, ಒಂದು ಮಾತಿನ ನಡುವೆ, ಅತ್ತೆಯ ದನಿ ನಿಂತುಬಿಟ್ಟಿತು. ಕಂಡಕ್ಟರ್ ಗೆದ್ದೆನೆಂದು ಸುತ್ತ ನೋಡಿ ನಕ್ಕ. ನಾನು ತಟ್ಟನೆ ಅವಳ ಕಡೆ ತಿರುಗಿದೆ. ಜಗಳವನ್ನು ಅರ್ಧಕ್ಕೆ ಬಿಟ್ಟ ಅತ್ತೆಯನ್ನು ನಾನು ನೋಡಿಯೇ ಇರಲಿಲ್ಲ. ಅವಳ ತಲೆ ನನ್ನ ಭುಜಕ್ಕೆ ಬಿತ್ತು.

ಹಿಂದಿನ ಸೀಟಿನಲ್ಲಿ ಬುರ್ಖಾ ಹಾಕಿದ್ದ ಒಬ್ಬ ಹೆಂಗಸು, ನಾನು ನರ್ಸು ಎನ್ನುತ್ತಾ ಎದ್ದು ಬಂದು ಅತ್ತೆಯ ಕುತ್ತಿಗೆಗೆ ಬೆರಳೊತ್ತಿದರು.

"ನಾಡಿ ಸಿಗ್ತಿಲ್ಲ. ಇರ್ರಿ. ಅಲ್ಲಾಡಬ್ಯಾಡ್ರಿ... ಸಿಕ್ತು. ಭಾಳ ನಿಧಾನ ಐತೆ."

ಡ್ರೈವರ್ ಬಸ್ಸನ್ನು ದುರ್ಗದ ನಿಲ್ದಾಣಕ್ಕೆ ತಿರುಗಿಸದೆ ನೇರ ಆಸ್ಪತ್ರೆಯ ಗೇಟಿಗೆ ತಂದ. ಅಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟು, ವಾದ ಎಲ್ಲಿಗೆ ಬಿಟ್ಟಿದ್ದೆ ಎಂದು ಕಂಡಕ್ಟರನನ್ನೇ ಕೇಳಿದಳು. ಅವನು, ಪಾಪ, ಬುಟ್ಟಿ ಹೊತ್ತು ನಮ್ಮ ಜೊತೆ ಒಳಗೆ ಬಂದ.

ಅಲ್ಲಿನ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದೆಗೆ ವೈರು ಅಂಟಿಸಿ, ಪರದೆ ನೋಡುತ್ತಾ ನನಗೆ ಬಿಡಿಸಿ ಹೇಳಿದರು. ಬಡಿತ ಶುರುಮಾಡಲು ಹೃದಯದಲ್ಲೇ ಒಂದು ಪುಟ್ಟ ಗಂಟಿದೆ. ಅತ್ತೆಯ ಗಂಟು ದಣಿದಿದೆ. ಮೇಲಿನ ಕೋಣೆಗಳು ಅದುರುವಷ್ಟು ಹೊತ್ತು ಅದು ತೆಪ್ಪಗಿರುತ್ತದೆ, ಅದುರುವುದು ತಟ್ಟನೆ ನಿಂತಾಗ ಎದ್ದು ಕೆಲಸ ಹಿಡಿಯಲು ತಡಮಾಡುತ್ತದೆ. ಆ ಕೆಲವು ಸೆಕೆಂಡು ತಲೆಗೆ ರಕ್ತವಿಲ್ಲ, ಮನುಷ್ಯ ಬೀಳುತ್ತಾನೆ. ಓಟ, ನಿಧಾನ ಎರಡೂ ಜೊತೆಜೊತೆಗೇ ಬರುವ ಕಾಯಿಲೆ, ಒಂದು ಇನ್ನೊಂದನ್ನು ಕೆಡಿಸುತ್ತದೆ. ಓಟಕ್ಕೆ ಕೊಟ್ಟ ಮಾತ್ರೆ ನಿಧಾನವನ್ನು ಇನ್ನೂ ನಿಧಾನ ಮಾಡಿದೆ. ಬಿದ್ದದ್ದನ್ನು ಮೊದಲೇ ಹೇಳಿದ್ದರೆ ಅದನ್ನು ಕೊಡುತ್ತಲೇ ಇರಲಿಲ್ಲವೇನೋ ಎಂದರು. ನಾನು ನೆಲ ನೋಡಿದೆ.

ಮಾತ್ರೆ ನಿಲ್ಲಿಸಿ, ಈಗಲೇ ದಾವಣಗೆರೆಗೆ ಹೋಗಿ ಪೇಸ್‌ಮೇಕರ್ ಹಾಕಿಸಬೇಕು ಎಂದರು.

"ಬ್ಯಾಟರಿ ಹಾಕಿಸ್ಕೊಳ್ಳಾಕೆ ನಾನೇನು ಗೋಡೆ ಗಡಿಯಾರಾನಾ?" ಸಹಿಗೆಂದು ಕೊಟ್ಟ ಒಪ್ಪಿಗೆಯ ಕಾಗದವನ್ನು ಅತ್ತೆ ಅತ್ತ ತಳ್ಳಿದಳು.

ನಾನು ಬೇಡಿಕೊಳ್ಳುತ್ತಿದ್ದೆ. ಪರದೆಯ ಮೇಲೆ ಅಂಕಿ ನೂರನಲವತ್ತು, ನೂರೈವತ್ತು ಎಂದು ಓಡುತ್ತಿತ್ತು. ಇದ್ದಕ್ಕಿದ್ದಂತೆ ಗೆರೆ ಮಲಗಿತು. ಒಂದು, ಎರಡು, ಮೂರು, ನಾಲ್ಕು. ಯಂತ್ರದ ಎಚ್ಚರಿಕೆ ಗಂಟೆ ಕೂಗಿಕೊಂಡಿತು. ಡಾಕ್ಟರರ ಎರಡೂ ಕೈ ಅತ್ತೆಯ ಎದೆಯ ಮೇಲಿದ್ದವು. ಐದು, ಆರು. ಒಂದು ಬಡಿತ ಬಂತು. ಆಮೇಲೆ ಇನ್ನೊಂದು.

"ಜೋಂಪು ಹತ್ತಿತ್ತು," ಎಂದಳು ಅತ್ತೆ.

ನಾನು ಸ್ಟೂಲಿನ ಮೇಲೆ ಕುಸಿದು, ಶಾಲೆಯ ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತುಬಿಟ್ಟೆ. ಅತ್ತೆ ನನ್ನ ಕಡೆ ತಿರುಗಿದಳು.

"ಬೀಳ್ತಿದ್ದೆ ಕಣೇ. ಆರು ತಿಂಗಳಾತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮವ್ವ ಅಡುಗೆಮನ್ಯಾಗೆ ಬಿದ್ದು ಏಳ್ಲೇ ಇಲ್ವಲ್ಲ, ಅವತ್ತು ಪಕ್ಕದಲ್ಲಿದ್ದದ್ದು ನೀನೊಬ್ಳೇ. ಆರು ವರ್ಷದ ಕೂಸು. ನಾನು ಮತ್ತೋಡಿಂದ ಬಂದ್ರೆ, ಒಂದು ತಿಂಗಳು ನಿನ್ ಬಾಯಾಗೆ ಮಾತೇ ಇರ್ಲಿಲ್ಲ. ಇನ್ನೊಂದ್ಸಲ ನಿಂಗೆ ಅದ್ನ ತೋರಿಸ್ಬಾರ್ದು ಅಂತಿದ್ದೆ."

ಅಂದು ಹದಿನೈದು ದಿನಕ್ಕೆಂದು ಬಂದ ಅತ್ತೆ ಮತ್ತೆಂದೂ ಮತ್ತೋಡಿನ ತನ್ನ ಮನೆಗೆ ಹೋಗಲಿಲ್ಲ, ನಲವತ್ತು ವರ್ಷವಾಯಿತು. ಯಾಕೆ ಹೋಗಲಿಲ್ಲವೆಂದು ನಾನೂ ಒಮ್ಮೆಯೂ ಕೇಳಿರಲಿಲ್ಲ.

"ಎಲ್ಲಿ ಹಾಕ್ಬೇಕು ಸಹಿ, ತೋರ್ಸಮ್ಮ," ಎಂದು ಅವಳು ಡಾಕ್ಟರರ ಕಡೆ ಕೈ ಚಾಚಿದಳು.

ದಾವಣಗೆರೆಯಲ್ಲಿ ಮರುದಿನ ಪೇಸ್‌ಮೇಕರ್ ಕೂರಿಸಿದರು. ಬಡಿತ ನಿಧಾನವಾಗದ ಹಾಗೆ ಅದು ಕಾವಲಾದ ಮೇಲೆ ಓಟದ ಮಾತ್ರೆಯನ್ನು ಧೈರ್ಯವಾಗಿ ಕೊಟ್ಟರು, ರಕ್ತ ಹೆಪ್ಪುಗಟ್ಟದ ಹಾಗೆ ಇನ್ನೊಂದನ್ನು ಸೇರಿಸಿದರು. ಈಗ ಎಂಟು ತಿಂಗಳು. ದಿನಾ ಬೆಳಿಗ್ಗೆ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಲು ಹೇಳಿದ್ದಾರೆ. ನಾನು ಶಾಲೆಗೆ ಹೊರಡುವ ಮುಂಚೆ ಅವಳ ಮಣಿಕಟ್ಟು ಹಿಡಿದು ಕೂರುತ್ತೇನೆ. ನಿಮಿಷ ಮುಗಿದರೂ ಬಿಡುವುದಿಲ್ಲ, ಎರಡಾಗುತ್ತದೆ, ಮೂರಾಗುತ್ತದೆ. ಅತ್ತೆಗೆ ಗಡಿಯಾರ ನೋಡಲು ಬರುತ್ತದೆ. ಅರ್ಧ ಹೊಲಿದ ರವಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನೇ ಬಿಡುವವರೆಗೂ ಸುಮ್ಮನೆ ಕೈ ಕೊಟ್ಟು ಕೂತಿರುತ್ತಾಳೆ.